ಹಳೇ ಹುಡುಗರ ದುಡ್ಡು ಕಮಾನಿಗಾ, ಫೀಸಿಗಾ? ಫಾದರ್‌ಗಳ ಶಾಲೆಯಲ್ಲಿ ಓದಿದವರು ಸ್ವಲ್ಪ ಹೇಳಿ

ಹಿಂದಿನ_ಬೆಂಚು:

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಬೆಂಗಳೂರಿನಲ್ಲಿ ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಪಂಗಡದ ಫಾದರ್‌ಗಳು ನಡೆಸುವ ಒಂದು ಗಂಡುಮಕ್ಕಳ ಶಾಲೆಯಲ್ಲಿ. ಹೆಸರು ಹಾಕುತ್ತಿಲ್ಲ, ಇಲ್ಲಿ ನಮ್ಮ ಬ್ಯಾಚಿನವರೂ ಇರಬಹುದು, ಸುಮ್ನೆ ಜಗಳ ಆಗುತ್ತದೆ. ಹತ್ತನೇ ಕ್ಲಾಸು ಮುಗಿದು ಇಪ್ಪತ್ತೈದು ವರ್ಷ ಆಯಿತಲ್ಲ ಅಂತ ಎಲ್ಲರನ್ನೂ ಹುಡುಕಿ ವಾಟ್ಸಾಪ್ ಗ್ರೂಪು ಮಾಡಿದೆವು, ಒಂದು ದಿನ ಸೇರಿ ಊಟ ಮಾಡಿದೆವು, ಶಾಲೆಗೆ ಏನಾದರೂ ಮಾಡೋಣ ಅಂತ ಯಾರೋ ಅಂದರು, ಎಲ್ಲರೂ ಹೂಂ ಅಂದರು. ದುಡ್ಡು ಸೇರಿತು. ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಸೇರಿತು. ರಗಳೆ ಶುರುವಾಗಿದ್ದೇ ಆಮೇಲೆ.

ಗ್ರೂಪಿನಲ್ಲಿ ಅರ್ಧ ಜನಕ್ಕೆ ಗೇಟಿಗೆ ಗ್ರಾನೈಟ್ ಕಮಾನು ಬೇಕು. ಮೇಲೆ ಬ್ಯಾಚಿನ ಇಸವಿ, ಪಕ್ಕದ ಕಂಬದಲ್ಲಿ ಕೊಟ್ಟವರ ಹೆಸರು. ಒಬ್ಬ ಆಗಲೇ ಜಿಗಣಿಗೆ ಹೋಗಿ ಕಲ್ಲಿನ ರೇಟು ಕೇಳಿಕೊಂಡು ಬಂದಿದ್ದಾನೆ. ನಾವೊಂದು ಏಳೆಂಟು ಜನಕ್ಕೆ ಇದು ಒಪ್ಪಿಗೆ ಇಲ್ಲ. ಆದರೆ ಕಮಾನು ಬೇಡ ಅಂದರೆ ಮತ್ತೇನು ಅಂತ ಕೇಳುತ್ತಾರೆ, ಅಲ್ಲಿ ನಮಗೆ ಮಾತು ನಿಲ್ಲುತ್ತದೆ. "ಬಡ ಮಕ್ಕಳಿಗೆ ಕೊಡೋಣ" ಅಂದರೆ ಯಾವ ಬಡ ಮಕ್ಕಳು, ಎಷ್ಟು ಜನ, ಯಾರು ಆರಿಸುವುದು, ಮುಂದಿನ ವರ್ಷ ಏನು ಅಂತ ಹತ್ತು ಪ್ರಶ್ನೆ ಬರುತ್ತವೆ. ನ್ಯಾಯವಾದ ಪ್ರಶ್ನೆಗಳೇ.

ನಾನು ಕ್ಯಾಥೊಲಿಕ್ ಅಲ್ಲ. ನಮ್ಮ ಕ್ಲಾಸಿನಲ್ಲಿ ಜಾಸ್ತಿ ಹುಡುಗರು ಅಲ್ಲ. ಕ್ಯಾಟಕಿಸಂ ಪೀರಿಯಡ್ಡಿಗೆ, ಅಂದರೆ ಅವರ ಧರ್ಮದ ಪಾಠಕ್ಕೆ, ಕ್ಯಾಥೊಲಿಕ್ ಹುಡುಗರು ಒಂದು ರೂಮಿಗೆ ಹೋಗುತ್ತಿದ್ದರು, ನಾವು ಮಾರಲ್ ಸೈನ್ಸಿಗೆ ಇನ್ನೊಂದಕ್ಕೆ. ಉಳಿದದ್ದೆಲ್ಲ ಒಟ್ಟಿಗೇ. ಪ್ರತಿ ಹಾಳೆಯ ತುದಿಯಲ್ಲಿ ಎ.ಎಂ.ಡಿ.ಜಿ. (ದೇವರ ಹೆಚ್ಚಿನ ಮಹಿಮೆಗಾಗಿ ಅನ್ನುವ ಜೆಸ್ವಿಟರ ಲ್ಯಾಟಿನ್ ಮಾತು) ಅಂತ ಬರೆದೇ ಲೆಕ್ಕ ಶುರು ಮಾಡುತ್ತಿದ್ದೆವು, ಸಾಬರ ಹುಡುಗರೂ, ಜನಿವಾರದವರೂ. ಹೌಸ್ ಪಂದ್ಯ ಬಂದರೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆವು. ಹಾಗಾಗಿ ಈ ಶಾಲೆ ನಮ್ಮದು ಅಂತಲೇ ಅನಿಸುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಹೊರಗಿನವರಾಗಿ ಹೋಗಿ ಫಾದರ್ ಹತ್ತಿರ "ನಿಮ್ಮ ಶಾಲೆಯಲ್ಲಿ ಫೀಸು ಕಟ್ಟಲಾಗದವರು ಯಾರಿದ್ದಾರೆ" ಅಂತ ಹೇಗೆ ಕೇಳುವುದು? ಇಂಥದ್ದನ್ನು ಒಂದು ವರ್ಷದ ಉತ್ಸಾಹ ಅಲ್ಲದೆ ನಿಜವಾಗಿ ನಡೆಸಿಕೊಂಡು ಬಂದವರು ಯಾರಾದರೂ ಇದ್ದೀರಾ? ನಮ್ಮಲ್ಲಿ ಅಮೆರಿಕದಲ್ಲಿ ಇರುವವರು, ದುಬೈಯಲ್ಲಿ ಇರುವವರೂ ಇದ್ದಾರೆ, ಅವರ ದುಡ್ಡು ತೆಗೆದುಕೊಳ್ಳುವುದು ಹೇಗೆ ಅನ್ನುವುದೂ ಗೊತ್ತಿಲ್ಲ. ಸದ್ಯಕ್ಕೆ ಎಲ್ಲಾ ನನ್ನ ಎಸ್‌ಬಿ ಖಾತೆಯಲ್ಲಿ ಬಿದ್ದಿದೆ. ಹೆಂಡತಿ ದಿನಾ ಬಯ್ಯುತ್ತಾಳೆ.

ಕಂಕನಾಡಿ_ಮಳೆ:

ಕಮಾನು ಬೇಡ ಮಾರಾಯ್ರೆ. ಮಂಗಳೂರಿನ ಮಳೆಗೆ ಕಮಾನಿನ ಬಣ್ಣ ಎರಡು ವರ್ಷ ನಿಲ್ಲುವುದಿಲ್ಲ, ನಿಮ್ಮ ಬೆಂಗಳೂರಿನಲ್ಲಿ ಅದರ ಮೇಲೆ ಕೇಬಲ್ ಕಟ್ಟುತ್ತಾರೆ.

ನಾನು ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಶಾಲೆಯವನು. ಹೊರಗಿನವನಾಗಿ ಹೇಗೆ ಕೇಳುವುದು ಅಂದಿರಲ್ಲ, ಅದಕ್ಕೇ ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ. ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದದ್ದು 1878ರ ಕೊನೆಯ ದಿನ. 1880ರ ಜನವರಿಗೆ ಶಾಲೆ ಶುರು. ಅವರ ಜೊತೆ ಬಂದ ಜರ್ಮನಿಯ ಫಾದರ್ ಮುಲ್ಲರ್ ಇಲ್ಲಿ ಪಾಠ ಹೇಳುವ ಮೇಷ್ಟ್ರು. ಹುಡುಗರಿಗೆ ಜ್ವರ ಬಂದರೆ ತನ್ನ ಹತ್ತಿರ ಇದ್ದ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದರು. ಅದನ್ನು ಕೇಳಿ ಊರವರು ಬರತೊಡಗಿದರು. ಅದೇ 1880ರಲ್ಲಿ ಕಂಕನಾಡಿಯಲ್ಲಿ ಔಷಧಿ ಹಂಚುವ ಜಾಗ ಆಯಿತು, 1890ಕ್ಕೆ ಕುಷ್ಠರೋಗಿಗಳಿಗೆ ಆಸ್ಪತ್ರೆ, ಈಗ ನೋಡಿದರೆ ಅಲ್ಲಿ ಮೆಡಿಕಲ್ ಕಾಲೇಜೇ ಇದೆ. ಬಂದವರು ಯಾವ ಜಾತಿ ಅಂತ ಕೇಳಿ ಗುಳಿಗೆ ಕೊಟ್ಟಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಲ್ವಾ.

ಇನ್ನು ಅಲೋಶಿಯಸ್ ಅಂದರೆ ಯಾರು? ದೊಡ್ಡ ಮನೆತನದ ಹುಡುಗ, ಆಸ್ತಿಯನ್ನೆಲ್ಲ ತಮ್ಮನಿಗೆ ಬಿಟ್ಟು ಜೆಸ್ವಿಟ್ ಆದವನು. 1591ರಲ್ಲಿ ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳನ್ನು ನೋಡಿಕೊಳ್ಳಲು ಹೋಗಿ ತನಗೂ ಹತ್ತಿ 23ನೇ ವಯಸ್ಸಿಗೆ ತೀರಿಕೊಂಡ. ನಮ್ಮ ಚಾಪೆಲ್ಲಿನ ಚಾವಣಿ ತುಂಬಾ ಅವನದೇ ಬದುಕು. ಬ್ರದರ್ ಮೊಸ್ಕೇನಿ ಅಂತ, ಬೆರ್ಗಾಮೊ ಕಡೆಯವರು, 1899ರಿಂದ ಎರಡು ವರ್ಷ ಬಿಡದೆ ಬರೆದದ್ದು. ಬೇಸಿಗೆಯಲ್ಲಿ ಬಸ್ಸು ಬಸ್ಸು ಜನ ಬಂದು ತಲೆ ಎತ್ತಿ ಫೋಟೋ ತೆಗೆದು ಹೋಗುತ್ತಾರೆ. ನಾವು ಹುಡುಗರಾಗಿದ್ದಾಗ ತಲೆ ಎತ್ತಿದ್ದೇ ಕಡಿಮೆ, ಬೆಂಚಿನ ಕೆಳಗೆ ಕಾಲು ಒದೆಯುವುದರಲ್ಲಿ ಪೂಜೆ ಮುಗಿಯುತ್ತಿತ್ತು.

ಹೇಳಬೇಕಾದ್ದು ಇಷ್ಟು: ನೀವು ಕ್ಯಾಥೊಲಿಕ್ ಅಲ್ಲ ಅಂತ ಹಿಂಜರಿಯಬೇಡಿ. ನಮ್ಮ ಕ್ಲಾಸಿನಲ್ಲಿ ಬ್ಯಾರಿಗಳು, ಬಂಟರು, ಕೊಂಕಣಿ ಭಟ್ಟರು, ಕ್ರಿಸ್ತುವರು ಎಲ್ಲ ಇದ್ದೆವು, ಮನೆಯಲ್ಲಿ ಒಬ್ಬೊಬ್ಬನದು ಒಂದೊಂದು ಭಾಷೆ, ಬೈಗುಳ ಮಾತ್ರ ಎಲ್ಲರದೂ ತುಳುವಿನಲ್ಲಿ. ಈಗ ನಮ್ಮ ಬ್ಯಾಚಿನ ಫಂಡು ನೋಡಿಕೊಳ್ಳುವುದು ಒಬ್ಬ ಬ್ಯಾರಿ, ಲೆಕ್ಕ ಬರೆಯುವುದು ಒಬ್ಬ ಶೆಣೈ. ಫಾದರಿಗೆ ಅದರಿಂದ ಏನೂ ತಲೆನೋವಿಲ್ಲ. ತಲೆನೋವು ಇರುವುದು ಪ್ರತಿ ಬ್ಯಾಚೂ ಬೇರೆ ಬೇರೆ ಬಂದು ಬೇರೆ ಬೇರೆ ಕಲ್ಲು ನೆಡುವುದರಿಂದ.

ಮೇಷ್ಟ್ರು_ನಿವೃತ್ತ:

ನಾನು ಇಂಥದೇ ಒಂದು ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವನು. ಹಳೆಯ ವಿದ್ಯಾರ್ಥಿಗಳು ಬರುವುದನ್ನು ಇನ್ನೊಂದು ಕಡೆಯಿಂದ ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ಅವರು ಬರುವುದು ಯಾವಾಗಲೂ ಡಿಸೆಂಬರಿನಲ್ಲಿ. ವಿದೇಶದವರಿಗೆ ರಜೆ, ಇಲ್ಲಿ ಹವೆ ಚೆನ್ನಾಗಿರುತ್ತದೆ. ಸ್ಟೇಜು, ಶಾಲು, ಹಾರ, ಸೇಬು-ಮೂಸಂಬಿ ಬುಟ್ಟಿ, ಹಳೆಯ ಮೇಷ್ಟ್ರ ಕಾಲಿಗೆ ಬೀಳುವುದು, ಎಲ್ಲ ಆಗುತ್ತದೆ. ಬೇಡ ಅನ್ನುವುದಿಲ್ಲ, ನನಗೂ ನಾಲ್ಕು ಶಾಲು ಬಂದಿವೆ, ಕಣ್ಣಲ್ಲಿ ನೀರೂ ಬಂದಿದೆ. ಆದರೆ ಶಾಲೆಗೆ ನಿಮ್ಮ ಅಗತ್ಯ ಇರುವುದು ಡಿಸೆಂಬರಿನಲ್ಲಿ ಅಲ್ಲ ಸ್ವಾಮಿ, ಜೂನ್ ಮೊದಲ ವಾರದಲ್ಲಿ.

ಒಂದು ಸಲ ಜೂನಿನಲ್ಲಿ ಹೋಗಿ ಆಫೀಸಿನ ಕಿಟಕಿ ಪಕ್ಕ ಸುಮ್ಮನೆ ಕೂತು ನೋಡಿ. ಚಲನ್ ಹಿಡಿದುಕೊಂಡು ಸಾಲು ನಿಂತಿರುತ್ತದೆ. ಸಾಲಿನಲ್ಲಿ ಇರುವವರಿಗೆ ತೊಂದರೆ ಇಲ್ಲ. ಸಾಲಿನ ಪಕ್ಕ, ಗೋಡೆಗೆ ಒರಗಿಕೊಂಡು ಒಬ್ಬ ಅಪ್ಪ ನಿಂತಿರುತ್ತಾನೆ, ಖಾಕಿ ಅಂಗಿ, ಆಟೋ ಹೊರಗೆ ನಿಲ್ಲಿಸಿ ಬಂದಿರುತ್ತಾನೆ, ಎಲ್ಲರೂ ಹೋದ ಮೇಲೆ ಮಾತಾಡೋಣ ಅಂತ ಕಾಯುತ್ತಿರುತ್ತಾನೆ. ಮಗ ಪಕ್ಕದಲ್ಲಿ ಇರುವುದಿಲ್ಲ. ಅಪ್ಪ ಆಫೀಸಿನಲ್ಲಿ ಕೈ ಮುಗಿಯುವುದನ್ನು ಕ್ಲಾಸಿನವರು ನೋಡಿದರೆ ಅಂತ ಅವನು ಬೇಕೆಂದೇ ಗ್ರೌಂಡಿನ ಆಚೆ ತುದಿಯಲ್ಲಿ ಇರುತ್ತಾನೆ. ಕ್ಲರ್ಕು ಆ ಅಪ್ಪನಿಗೆ ಕಂತು ಮಾಡಿಕೊಡುತ್ತಾರೆ, ಫಾದರ್ ಸ್ವಲ್ಪ ಬಿಡುತ್ತಾರೆ, ಉಳಿದದ್ದು ಅಕ್ಟೋಬರಿಗೆ ಹೋಗುತ್ತದೆ, ಅಕ್ಟೋಬರಿನಲ್ಲಿ ಮತ್ತೆ ಅದೇ ಗೋಡೆ.

ಆದ್ದರಿಂದ ಪ್ರಿನ್ಸಿಪಾಲರ ಹತ್ತಿರ "ಬಡ ಮಕ್ಕಳು ಯಾರು" ಅಂತ ಕೇಳಬೇಡಿ. ಅವರಿಗೆ ಒಪ್ಪಿಗೆ ಕೇಳಿ, ಅಷ್ಟೇ. ವಿವರ ಇರುವುದು ಫೀಸು ತೆಗೆದುಕೊಳ್ಳುವ ಕ್ಲರ್ಕಿನ ಹತ್ತಿರ ಮತ್ತು ಕ್ಲಾಸ್ ಟೀಚರ್ ಹತ್ತಿರ. ಫೀಸು ಮಾತ್ರ ಅಲ್ಲ. ಗಂಡುಮಕ್ಕಳ ಕಾಲು ಎಂಟನೇ ಕ್ಲಾಸಿನಿಂದ ಹತ್ತಕ್ಕೆ ಬರುವಷ್ಟರಲ್ಲಿ ವರ್ಷಕ್ಕೆ ಎರಡು ಸೈಜು ಬೆಳೆಯುತ್ತದೆ, ಕಪ್ಪು ಶೂ ಒಂದು ಜೊತೆ, ಪಿಟಿಗೆ ಬಿಳಿ ಕ್ಯಾನ್ವಾಸು ಒಂದು ಜೊತೆ. ಪಿಟಿ ದಿನ ಹೊಟ್ಟೆನೋವು ಅಂತ ಕೂರುವ ಹುಡುಗನ ಹತ್ತಿರ ಬಿಳಿ ಶೂ ಇದೆಯಾ ಅಂತ ನೋಡಿ ಸಾಕು. ಇದನ್ನೆಲ್ಲ ಕ್ಲಾಸ್ ಟೀಚರ್ ಒಬ್ಬರಿಗೇ ಗೊತ್ತಿರುತ್ತದೆ. ಅವರ ಕೈಗೆ ವರ್ಷಕ್ಕೆ ಒಂದು ಸಣ್ಣ ಮೊತ್ತ ಕೊಟ್ಟು, ಪ್ರತಿ ರೂಪಾಯಿಗೂ ಮೂರು ಸಹಿ ಕೇಳದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಅಂದರೆ ಸಾಕು, ಎಷ್ಟೋ ಕೆಲಸ ಆಗುತ್ತದೆ.

ದಯವಿಟ್ಟು ಆ ಹುಡುಗನನ್ನು ಸ್ಟೇಜಿಗೆ ಕರೆದು ಥರ್ಮೋಕೋಲ್ ಚೆಕ್ಕು ಹಿಡಿಸಿ ಫೋಟೋ ತೆಗೆಯಬೇಡಿ. ಅವನು ಮುಂದಿನ ಎರಡು ವರ್ಷ ಅದೇ ಹುಡುಗರ ಜೊತೆ ಕೂರಬೇಕು.

ಇನ್ನೊಂದು, ಯಾರೂ ಯೋಚಿಸದ ವಿಷಯ. ನಿಮಗೆ ಗಂಟೆ ಹೊಡೆಯುತ್ತಿದ್ದ ಅಟೆಂಡರ್ ನೆನಪಿದ್ದಾರಾ? ಲ್ಯಾಬಿನವರು, ಗ್ರೌಂಡಿಗೆ ಸುಣ್ಣದ ಗೆರೆ ಹಾಕುತ್ತಿದ್ದವರು? ಅನುದಾನದ ಹುದ್ದೆಯಲ್ಲಿ ಹಳೆಯ ಕಾಲಕ್ಕೆ ಸೇರಿದವರಿಗೆ ಸರ್ಕಾರದ ಪಿಂಚಣಿ ಇದೆ. ಮ್ಯಾನೇಜ್‌ಮೆಂಟ್ ಸಂಬಳದಲ್ಲಿ ಇದ್ದವರಿಗೆ ಪಿಎಫ್, ಗ್ರಾಚ್ಯುಟಿ, ಮತ್ತೆ ಇಪಿಎಸ್ ಪಿಂಚಣಿ, ಅಂದರೆ ಪಿಎಫ್ ಜೊತೆ ಬರುವ ನೌಕರರ ಪಿಂಚಣಿ ಯೋಜನೆಯದು. ಅದರ ಕನಿಷ್ಠ ಮೊತ್ತ ಎಷ್ಟು ಗೊತ್ತಾ, ತಿಂಗಳಿಗೆ 1000 ರೂಪಾಯಿ, 2014ರಲ್ಲಿ ನಿಗದಿ ಮಾಡಿದ್ದು. ನಮ್ಮಲ್ಲಿ ಒಂದು ಬ್ಯಾಚಿನವರು ಅಂಥ ಮೂವರಿಗೆ ಆರೋಗ್ಯ ವಿಮೆಯ ಕಂತು ಕಟ್ಟುತ್ತಿದ್ದಾರೆ. ಯಾರಿಗೂ ಹೇಳುವುದಿಲ್ಲ. ನನಗೆ ಗೊತ್ತಾಗಿದ್ದು ಆ ಅಟೆಂಡರ್ ಕಣ್ಣಿನ ಆಪರೇಷನ್ನಿಗೆ ಹೋದಾಗ.

ಕೆಂಪುಮಣ್ಣು:

ಎಲ್ಲರೂ ಸೆಂಟಿಮೆಂಟ್ ಆಗುತ್ತಿದ್ದೀರಿ, ನಾನು ಸ್ವಲ್ಪ ಕಹಿ ಮಾತಾಡುತ್ತೇನೆ. ಬೆಂಗಳೂರಿನ ಮಧ್ಯದಲ್ಲಿ ಎಕರೆಗಟ್ಟಲೆ ಜಾಗ ಇರುವ ಶಾಲೆಗೆ ನಿಮ್ಮ ದುಡ್ಡು ಯಾಕೆ ಬೇಕು? ಓದಿದವರು ಉಳ್ಳವರ ಮಕ್ಕಳೇ ಜಾಸ್ತಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿಯಲ್ಲಿ ಬಡ ಮಕ್ಕಳಿಗೆ ಕಾಲು ಭಾಗ ಸೀಟು ಬಿಡಬೇಕು ಅನ್ನುವ ನಿಯಮ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯ ಆಗುವುದಿಲ್ಲ, 2014ರಲ್ಲಿ ಸುಪ್ರೀಂ ಕೋರ್ಟಿನ ಪ್ರಮತಿ ತೀರ್ಪಿನಲ್ಲಿ ಅನುದಾನಿತ ಶಾಲೆಗೂ ವಿನಾಯಿತಿ ಸಿಕ್ಕಿತು. ಅಂದರೆ ಪಕ್ಕದ ಕೊಳೆಗೇರಿಯ ಹುಡುಗ ಆ ಗೇಟು ದಾಟುವುದು ಫಾದರ್ ಮನಸ್ಸು ಮಾಡಿದರೆ ಮಾತ್ರ. ನಾನು ಓದಿದ ಶಾಲೆಯಲ್ಲಿ, ಅದೂ ಫಾದರ್‌ಗಳದೇ, ಬಿಡುವಿನಲ್ಲಿ ಕನ್ನಡ ಮಾತಾಡಿದರೆ ದಂಡ ಇತ್ತು. ನನ್ನ ದುಡ್ಡು ನಮ್ಮೂರಿನ ಸರ್ಕಾರಿ ಶಾಲೆಗೆ ಹೋಗುತ್ತದೆ. ನೀವೂ ಹಾಗೇ ಮಾಡಿ.

ಮ್ಯೂಸಿಯಂ_ರಸ್ತೆ:

ಕೆಂಪುಮಣ್ಣು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದನ್ನು ಹೊರಗಿನವರು ಹೇಳುವ ಮೊದಲೇ ಜೆಸ್ವಿಟರೇ ಹೇಳಿಕೊಂಡಿದ್ದಾರೆ. 1973ರ ಜುಲೈ 31, ಜೆಸ್ವಿಟ್ ಪಂಗಡ ಕಟ್ಟಿದ ಸಂತ ಇಗ್ನೇಷಿಯಸ್ ಹಬ್ಬದ ದಿನ, ಸ್ಪೇನಿನ ವೆಲೆನ್ಸಿಯಾದಲ್ಲಿ ಯುರೋಪಿನ ಜೆಸ್ವಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಸಮಾವೇಶ. ಮಾತಾಡಿದ್ದು ಜೆಸ್ವಿಟರ ಆಗಿನ ಮುಖ್ಯಸ್ಥರು ಪೆದ್ರೋ ಅರುಪೆ. ಹೊಗಳಿಕೆ ಕೇಳಲು ಬಂದಿದ್ದವರ ಎದುರು ಅವರು ನೇರವಾಗಿ ಕೇಳಿದ್ದು, ನ್ಯಾಯಕ್ಕಾಗಿ ಬದುಕುವ ಹಾಗೆ ನಿಮ್ಮನ್ನು ನಾವು ಬೆಳೆಸಿದ್ದೇವಾ ಅಂತ. ಉತ್ತರವೂ ಅವರದೇ: ಇಲ್ಲ, ಬೆಳೆಸಿಲ್ಲ. ಇನ್ನು ಮುಂದೆ ಬೇರೆಯವರಿಗಾಗಿ ಬದುಕುವ ಮನುಷ್ಯರನ್ನು ತಯಾರು ಮಾಡಬೇಕು ಅಂದರು. ಕೇಳಿದವರಲ್ಲಿ ಕೆಲವರಿಗೆ ಸಿಟ್ಟು ನೆತ್ತಿಗೇರಿತು. ದೊಡ್ಡ ದೊಡ್ಡ ಮನೆತನದವರು ಅಲ್ವಾ. ಈಗ ಆ ಮಾತನ್ನು ಪ್ರಪಂಚದ ಎಲ್ಲಾ ಜೆಸ್ವಿಟ್ ಶಾಲೆಗಳ ಗೋಡೆ ಮೇಲೆ ಬರೆದಿದ್ದಾರೆ, ಗೋಡೆ ಮೇಲೆ ಬರೆಯುವುದು ಸುಲಭ.

ಆದರೆ ಪೂರ್ತಿ ಉಳ್ಳವರ ಶಾಲೆ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆ ಇಲ್ಲ. ನಮ್ಮ ಸೇಂಟ್ ಜೋಸೆಫ್ಸ್ ನೋಡಿ. 1858ರಲ್ಲಿ ಫ್ರೆಂಚ್ ಮಿಷನ್ ಪಾದ್ರಿಗಳು ಶುರು ಮಾಡಿದ್ದು, ಕಾಲೇಜು 1882ಕ್ಕೆ ಬಂತು, 1937ರಲ್ಲಿ ಎಲ್ಲಾ ಜೆಸ್ವಿಟರ ಕೈಗೆ ಬಂತು. ಮೊದಮೊದಲು ಕಂಟೋನ್ಮೆಂಟಿನ ದೊರೆ ಮಕ್ಕಳ ಶಾಲೆಯೇ, ಅನುಮಾನ ಬೇಡ. ಅದಕ್ಕೇ 1904ರಲ್ಲಿ ಇಲ್ಲಿಯ ಹುಡುಗರಿಗೆ ಅಂತ ಇಂಡಿಯನ್ ಹೈಸ್ಕೂಲು ಬೇರೆಯೇ ಮಾಡಬೇಕಾಯಿತು. 1972ರಲ್ಲಿ ಈವ್ನಿಂಗ್ ಕಾಲೇಜು ಶುರುವಾಯಿತು, ಹಗಲು ಕೆಲಸ ಮಾಡಿ ಸಂಜೆ ಓದುವವರಿಗೆ. ನಮ್ಮಪ್ಪ ಹಗಲು ಪ್ರೆಸ್ಸಿನಲ್ಲಿ ಅಚ್ಚು ಮೊಳೆ ಜೋಡಿಸಿ ಸಂಜೆ ಅಲ್ಲಿ ಬಿಕಾಂ ಮಾಡಿದರು. ಅವರಿಗೆ ರಾಹುಲ್ ದ್ರಾವಿಡ್ ನಮ್ಮ ಹೈಸ್ಕೂಲಿನವನು ಅನ್ನುವುದಕ್ಕಿಂತ ಸಂಜೆ ಆರರ ಕ್ಲಾಸಿಗೆ ತಡವಾಗಿ ಬಂದರೂ ಬಾಗಿಲು ತೆಗೆಯುತ್ತಿದ್ದ ಫಾದರ್ ದೊಡ್ಡವರು.

ಕನ್ನಡಕ್ಕೆ ದಂಡದ ಮಾತು, ಅದು ನಾಚಿಕೆಗೇಡಿನ ಸಂಗತಿ, ವಾದ ಮಾಡುವುದಿಲ್ಲ. ಆದರೆ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಇರುವ ಬಲ ಅದೇ ಅಲ್ವಾ? ಹೊರಗಿನವರು ಹೇಳಿದರೆ ಶಾಲೆ ಕೇಳುವುದಿಲ್ಲ, ನಾವು ದುಡ್ಡಿನ ಜೊತೆ ಹೇಳಿದರೆ ಕೇಳಿಸಿಕೊಳ್ಳುತ್ತದೆ. ಆರ್‌ಟಿಇ ಅನ್ವಯ ಆಗುವುದಿಲ್ಲ ಅಂದಿರಿ. ಸರಿ, ಹಾಗಾದರೆ ಪ್ರತಿ ವರ್ಷ ಇಂತಿಷ್ಟು ಹುಡುಗರನ್ನು ಪಕ್ಕದ ಬೀದಿಗಳಿಂದ ತೆಗೆದುಕೊಳ್ಳಿ, ಹತ್ತನೇ ಕ್ಲಾಸಿನವರೆಗೆ ಫೀಸು ನಮ್ಮದು ಅಂತ ಒಂದು ಬ್ಯಾಚು ಬರೆದುಕೊಡಲಿ. ಯಾವ ಫಾದರ್ ಬೇಡ ಅನ್ನುತ್ತಾರೆ ನೋಡೋಣ. ಸರ್ಕಾರಿ ಶಾಲೆಗೆ ಕೊಡುವುದೂ ಒಳ್ಳೆಯದೇ, ನಾನೂ ಕೊಡುತ್ತೇನೆ, ಅದೂ ಇದೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ದುಡ್ಡಿನ ಹೊರತಾಗಿ ಒಂದು ವಿಷಯ. ನಮ್ಮ ಬ್ಯಾಚಿನ ಒಬ್ಬ ಗೌತಮಪುರದವನು. ಹಲಸೂರಿನ ಆ ಬೀದಿಗಳು ಗೊತ್ತಲ್ಲ, ಪೆಲೆಗೆ ಪ್ರತಿಮೆ ಇಟ್ಟ ಜಾಗ, ಕ್ರಿಕೆಟ್ಟಿನ ಊರಿನಲ್ಲಿ ಫುಟ್‌ಬಾಲಿನ ಹುಚ್ಚು. ಅವನು ಶನಿವಾರ ಸಂಜೆ ತನ್ನ ಹಳೆಯ ಶಾಲೆಯ ಹುಡುಗರನ್ನೂ ಬೀದಿಯ ಹುಡುಗರನ್ನೂ ಒಂದೇ ಗ್ರೌಂಡಿನಲ್ಲಿ ಆಡಿಸುತ್ತಾನೆ. ಬೂಟು ಇರುವವರು ಒಂದು ಟೀಮು, ಇಲ್ಲದವರು ಒಂದು ಟೀಮು ಆಗಬಾರದು ಅಂತ ಮೊದಲು ಎಲ್ಲರ ಬೂಟು ಬಿಚ್ಚಿಸುತ್ತಾನೆ. ಬರಿಗಾಲಿನಲ್ಲಿ ಆಟ. ಗ್ರೌಂಡಿನ ಬೀಗದ ಕೈ ಸಿಗುವುದಕ್ಕೆ ಅವನು ವರ್ಷಗಟ್ಟಲೆ ಅಲೆದಿದ್ದಾನೆ, ದುಡ್ಡು ಕೇಳಿದ್ದರೆ ಬೇಗ ಸಿಗುತ್ತಿತ್ತೇನೋ.

ಲೆಕ್ಕಪತ್ರ:

ನಾನು ಸಿಎ, ಇಂಥ ಮೂರು ಸಂಘಗಳ ಲೆಕ್ಕ ನೋಡುತ್ತೇನೆ. ಭಾವನೆಯೆಲ್ಲ ಆಯಿತು, ಈಗ ಹಿಂದಿನ_ಬೆಂಚು ಅವರ ಹೆಂಡತಿಯ ಪರವಾಗಿ ನಾಲ್ಕು ಮಾತು.

ಮೊದಲು ಆ ದುಡ್ಡನ್ನು ನಿಮ್ಮ ಎಸ್‌ಬಿ ಖಾತೆಯಿಂದ ತೆಗೆಯಿರಿ. ನಾಳೆ ಇಲಾಖೆಯವರು ಇದೇನು ಆದಾಯ ಅಂತ ಕೇಳಿದರೆ ವಾಟ್ಸಾಪ್ ಸ್ಕ್ರೀನ್‌ಶಾಟ್ ತೋರಿಸುತ್ತೀರಾ? ನಿಮ್ಮ ಶಾಲೆಗೆ ಆಗಲೇ ಹಳೆಯ ವಿದ್ಯಾರ್ಥಿಗಳ ಸಂಘ ಇದ್ದರೆ ಅದರೊಳಗೇ ಹೋಗಿ, ನಿಮ್ಮ ಬ್ಯಾಚಿನ ಹೆಸರಲ್ಲಿ ಒಂದು ಪ್ರತ್ಯೇಕ ನಿಧಿ ಇಡಲು ಕೇಳಿ. ಪ್ರತಿ ಬ್ಯಾಚೂ ಒಂದು ಸಂಘ ಕಟ್ಟುವುದು ಹುಚ್ಚು. ಇಲ್ಲವೇ ಇಲ್ಲ ಅಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಮಾಡಬಹುದು, ಏಳು ಜನ ಸಾಕು. ಆದರೆ ಪ್ರತಿ ವರ್ಷ ಸಭೆ ಮಾಡಿ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಮೂರನೇ ವರ್ಷಕ್ಕೆ ಇದನ್ನು ಎಲ್ಲರೂ ಮರೆಯುತ್ತಾರೆ, ಹತ್ತನೇ ವರ್ಷ ನನ್ನ ಹತ್ತಿರ ಬರುತ್ತಾರೆ.

ಸಂಘಕ್ಕೆ 12ಎ, 80ಜಿ (ದತ್ತಿ ಸಂಸ್ಥೆಗಳಿಗೆ ಆದಾಯ ತೆರಿಗೆ ಇಲಾಖೆ ಕೊಡುವ ನೋಂದಣಿಗಳು) ಇದ್ದರೆ ಕೊಟ್ಟವರಿಗೆ ತೆರಿಗೆಯಲ್ಲಿ ಸಾಮಾನ್ಯವಾಗಿ ಅರ್ಧ ಮೊತ್ತಕ್ಕೆ ವಿನಾಯಿತಿ, ಅದಕ್ಕೂ ಮಿತಿ ಇದೆ. ಎರಡು ವಿಷಯ ಜನ ತಿಳಿದಿರುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೂ ಇಲ್ಲ. ಊಟದ ದಿನ ಲಕೋಟೆಯಲ್ಲಿ ಹಾಕಿ ಕೊಟ್ಟ ದೊಡ್ಡ ಮನಸ್ಸಿನವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಇನ್ನು ಅಮೆರಿಕ, ದುಬೈ. ಇಲ್ಲಿ ನೋಡಬೇಕಾದ್ದು ಎಲ್ಲಿದ್ದಾರೆ ಅಂತ ಅಲ್ಲ, ಪಾಸ್‌ಪೋರ್ಟು ಯಾವುದು ಅಂತ. ದುಬೈಯಲ್ಲಿ ಇರುವ ನಿಮ್ಮ ಗೆಳೆಯನಿಗೆ ಭಾರತದ ಪಾಸ್‌ಪೋರ್ಟು ಇದ್ದು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ, ಆರಾಮಾಗಿ ತೆಗೆದುಕೊಳ್ಳಿ, ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಅಮೆರಿಕದ ಪೌರನಾಗಿ ಒಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಇಟ್ಟುಕೊಂಡವನು ಕೊಟ್ಟರೆ ಅದು ವಿದೇಶಿ ದೇಣಿಗೆಯೇ, ಹೆಸರು ಗೌಡ ಅಂತ ಇದ್ದರೂ ಅಷ್ಟೇ. ಅದನ್ನು ತೆಗೆದುಕೊಳ್ಳಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ನಿನ್ನೆ ಹುಟ್ಟಿದ ಸಂಘಕ್ಕೆ ಅದು ಸಿಗುವುದಿಲ್ಲ, ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿ ತೋರಿಸಿರಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ವರ್ಗ ಮಾಡುವ ಹಾಗೂ ಇಲ್ಲ. ಹಾಗಾಗಿ ಅವರು ನಿಮಗೆ ಕಳಿಸಿ, ನೀವು ಶಾಲೆಗೆ ಕೊಡುವ ದಾರಿ ಮುಚ್ಚಿದೆ. ಶಾಲೆ ನಡೆಸುವ ಸೊಸೈಟಿಗೇ ಎಫ್‌ಸಿಆರ್‌ಎ ಇದ್ದರೆ ಅವರು ನೇರವಾಗಿ ಅಲ್ಲಿಗೇ ಕಳಿಸಲಿ. ಇಲ್ಲದಿದ್ದರೆ ಬೇರೆ ರೀತಿಯಲ್ಲಿ ಸಹಾಯ ಮಾಡಲಿ, ಸುಮ್ನೆ ಯಾರದೋ ಅತ್ತೆ ಖಾತೆಗೆ ಹಾಕಿಸಬೇಡಿ.

ಮುಂದಿನ ವರ್ಷ ಏನು ಅಂತ ಕೇಳಿದ್ದಿರಿ. ಮೊತ್ತವನ್ನೆಲ್ಲ ಒಂದೇ ವರ್ಷ ಹಂಚಬೇಡಿ. ಹತ್ತು ಲಕ್ಷ ಎಫ್‌ಡಿಯಲ್ಲಿ ಇಟ್ಟು 6.5% ಬಡ್ಡಿ ಅಂತ ಹಿಡಿದರೆ ವರ್ಷಕ್ಕೆ 65,000 ರೂಪಾಯಿ. ದೊಡ್ಡ ಶಾಲೆಯ ಫೀಸಿಗೆ ಅದು ಏನೂ ಅಲ್ಲ, ಒಬ್ಬರೋ ಅರ್ಧ ಮಂದಿಯೋ. ಅದೇ ಫಾದರ್‌ಗಳು ನಡೆಸುವ ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಶೂ, ಪುಸ್ತಕ, ಬಸ್ ಪಾಸು ಅಂತ ಹೋದರೆ ಒಂದು ಇಡೀ ಕ್ಲಾಸಿಗೆ ಬರುತ್ತದೆ. ಹಾಗೇ ಇನ್ನೊಂದು. ಅನುದಾನಿತ ಮತ್ತು ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಕೇಂದ್ರದ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಮನೆಯ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು, ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000. ನಿಮ್ಮ ಬ್ಯಾಚಿನಲ್ಲಿ ಲೆಕ್ಕ ಚೆನ್ನಾಗಿ ಬರುವ ಇಬ್ಬರು ಭಾನುವಾರ ಹೋಗಿ ತಯಾರಿ ಮಾಡಿಸಿದರೆ ಸಾಕು, ಸರ್ಕಾರದ ದುಡ್ಡೇ ಬರುತ್ತದೆ. ನಿಮ್ಮ ಜೇಬಿನಿಂದ ಪೆಟ್ರೋಲು ಮಾತ್ರ.

ಕುವೈತ್_ಕ್ಯಾಂಟೀನ್:

ನಾನು ಮೂಡುಬಿದಿರೆ ಕಡೆಯವನು, ಗಲ್ಫಿನಲ್ಲಿ ಇದ್ದೇನೆ. ಸಿಎ ಸರ್ ಹೇಳಿದ ಪಾಸ್‌ಪೋರ್ಟ್ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ನಮ್ಮಲ್ಲಿ ಎರಡು ವರ್ಷ ಇದೇ ಭಯಕ್ಕೆ ದುಡ್ಡು ಕಳಿಸದೆ ಕೂತಿದ್ದರು.

ನಾವು ಇಲ್ಲಿಂದ ಮಾಡುವುದು ಇಷ್ಟೇ. ಹತ್ತನೇ ಕ್ಲಾಸಿನವರಿಗೆ ಆನ್‌ಲೈನ್‌ನಲ್ಲಿ ಮಾತಾಡುತ್ತೇವೆ, ಆದರೆ ಇಂಜಿನಿಯರು ಡಾಕ್ಟರು ಮಾತ್ರ ಅಲ್ಲ. ಐಟಿಐ ಮಾಡಿ ರಿಗ್‌ನಲ್ಲಿ ವೆಲ್ಡಿಂಗ್ ಮಾಡುವವನು, ಹೋಟೆಲಿನಲ್ಲಿ ಶೆಫ್ ಆದವನು, ನರ್ಸಿಂಗ್ ಮಾಡಿದ ಗಂಡಸು. ಹುಡುಗರು ಜಾಸ್ತಿ ಪ್ರಶ್ನೆ ಕೇಳಿದ್ದು ಆ ನರ್ಸ್ ಹತ್ತಿರ. ಗಂಡುಮಕ್ಕಳ ಶಾಲೆ ನೋಡಿ, ನಗುತ್ತಾರೆ ಅಂತ ಹೆದರಿದ್ದೆವು, ಯಾರೂ ನಗಲಿಲ್ಲ, ಸಂಬಳ ಎಷ್ಟು ಅಂತ ಕೇಳಿದರು.

ಒಂದು ಎಚ್ಚರಿಕೆ. ಹುಡುಗರಿಗೆ ಮಾರ್ಗದರ್ಶನ ಮಾಡುತ್ತೇವೆ ಅಂತ ಹೋಗುವವರು ಶಾಲೆಯ ನಿಯಮ ಕೇಳಿಕೊಂಡು ಹೋಗಿ. ಒಬ್ಬನೇ ಹುಡುಗನನ್ನು ಒಬ್ಬರೇ ಬಾಗಿಲು ಹಾಕಿದ ರೂಮಿನಲ್ಲಿ ಕೂರಿಸಿಕೊಂಡು ಮಾತಾಡುವುದು, ರಾತ್ರಿ ಮೆಸೇಜು ಮಾಡುವುದು, ಕಾರಿನಲ್ಲಿ ಮನೆಗೆ ಬಿಡುವುದು, ಇದು ಯಾವುದೂ ಬೇಡ. ನಮ್ಮ ಶಾಲೆಯಲ್ಲಿ ಟೀಚರ್ ಒಬ್ಬರು ಜೊತೆಗೆ ಇರಲೇಬೇಕು, ಹೊರಗಿನಿಂದ ಬರುವ ಪ್ರತಿಯೊಬ್ಬರೂ ಗುರುತಿನ ಚೀಟಿ ಕೊಟ್ಟು ಸಹಿ ಹಾಕಬೇಕು. ಕೆಲವು ಹಳೆಯ ಹುಡುಗರಿಗೆ ಇದು ಅವಮಾನ ಅನಿಸಿತು, "ನಾನು ಇಲ್ಲೇ ಓದಿದವನು" ಅಂದರು. ಗೇಟಿನಲ್ಲಿ ಸಹಿ ಮಾಡಲು ಬೇಸರ ಪಡುವವನು ಬರುವುದೇ ಬೇಡ ಅಂತ ನನ್ನ ಅಭಿಪ್ರಾಯ. 2012ರಲ್ಲಿ ಪೋಕ್ಸೋ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ಬಂದ ಮೇಲಾದರೂ ಇದು ಅರ್ಥ ಆಗಬೇಕು.

ಹಿಂದಿನ_ಬೆಂಚು:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ಹಾಗೇ ಗ್ರೂಪಿಗೆ ಹಾಕಿದೆ. ಕಮಾನಿನವರಲ್ಲಿ ನಾಲ್ಕು ಜನ ಈ ಕಡೆ ಬಂದರು. ಕಲ್ಲಿನ ರೇಟು ಕೇಳಿದವನು ಇನ್ನೂ ಸಿಟ್ಟಿನಲ್ಲೇ ಇದ್ದಾನೆ, ಅವನಿಗೆ ಹೆಸರು ಎಲ್ಲಾದರೂ ಬರಬೇಕು. ಲೈಬ್ರರಿಯಲ್ಲಿ ಒಂದು ಸಣ್ಣ ಹಿತ್ತಾಳೆ ಫಲಕ ಅಂತ ರಾಜಿ ಮಾತು ನಡೀತಿದೆ, ಅದರಲ್ಲಿ ವ್ಯಕ್ತಿಗಳ ಹೆಸರು ಬೇಡ, ಬ್ಯಾಚಿನ ಇಸವಿ ಮಾತ್ರ ಅಂತ. ನೋಡೋಣ.

ಶಾಲೆಗೆ ಸಂಘ ಇದೆಯಂತೆ, ನೋಂದಣಿ ಆದದ್ದೇ, 80ಜಿ ಕೂಡ ಇದೆಯಂತೆ. ನಮಗೇ ಗೊತ್ತಿರಲಿಲ್ಲ. ದುಡ್ಡು ಅಲ್ಲಿಗೆ ಹೋಗುತ್ತದೆ, ಬ್ಯಾಚಿನ ನಿಧಿ ಅಂತ ಬೇರೆ ಇಡುತ್ತಾರೆ. ಅಮೆರಿಕದ ಮೂವರಲ್ಲಿ ಇಬ್ಬರು ಒಸಿಐ, ಅವರಿಗೆ ನೇರ ಸೊಸೈಟಿಗೆ ಕಳಿಸಿ ಅಂದೆವು. ಕೆಂಪುಮಣ್ಣು, ನಿಮ್ಮ ಮಾತಿಗೆ ಗ್ರೂಪಿನಲ್ಲಿ ದೊಡ್ಡ ಜಗಳವೇ ಆಯಿತು, ಕೊನೆಗೆ ಪಕ್ಕದ ಬೀದಿಯ ಹುಡುಗರ ವಿಷಯ ಫಾದರ್ ಹತ್ತಿರ ಎತ್ತುವುದು ಅಂತ ಆಗಿದೆ. ಅದು ಸುಲಭಕ್ಕೆ ಆಗುವ ಕೆಲಸ ಅಲ್ಲ ಅಂತ ಗೊತ್ತು.

ಮೇಷ್ಟ್ರೇ, ಗಂಟೆ ಹೊಡೆಯುತ್ತಿದ್ದವರ ಮನೆ ವಿವೇಕನಗರದ ಕಡೆ ಅಂತ ಯಾರೋ ಹೇಳಿದರು. ಈ ವಾರ ಹುಡುಕಿಕೊಂಡು ಹೋಗಬೇಕು. ಸೋಮವಾರ ಕ್ಲರ್ಕ್ ಮೇಡಂ ಹತ್ತಿರ ಹೋಗೋಣ ಅಂದುಕೊಂಡಿದ್ದೇವೆ, ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು?

ಮೇಷ್ಟ್ರು_ನಿವೃತ್ತ:

ಸೋಮವಾರ ಬೇಡ. ಶನಿವಾರ ಭಾನುವಾರದ ಬಾಕಿ ಎಲ್ಲ ಅವತ್ತು ಅವರ ಟೇಬಲ್ಲಿಗೆ ಬಂದಿರುತ್ತದೆ. ಬುಧವಾರ ಹನ್ನೊಂದೂವರೆ ಮೇಲೆ ಹೋಗಿ. ಇಬ್ಬರೇ ಹೋಗಿ, ಇಡೀ ಬ್ಯಾಚು ಹೋಗಬೇಡಿ. ಫಾದರ್ ಹತ್ತಿರ ಮೊದಲು ಒಂದು ಪತ್ರ ಬರೆಸಿಕೊಳ್ಳಿ, ಇಲ್ಲದಿದ್ದರೆ ಅವರು ಯಾವ ಹುಡುಗನ ಹೆಸರನ್ನೂ ಬಾಯಿ ಬಿಡುವುದಿಲ್ಲ, ಬಿಡಲೂಬಾರದು.